ಎರಡು ದಾಖಲೆಗಳ ನಡುವಿನ ಕಂದಕ

ಕೆಲವು ಬಿಲ್ಲುಗಳನ್ನು ಎತ್ತಿ ನೋಡಿ, ಉಳಿದವೂ ಸರಿಯಿರಬೇಕೆಂದು ಸಹಿ ಹಾಕುವುದು ಆಡಿಟ್‌ನ ಹಳೆಯ ರೂಢಿ. ಪ್ರೊಸೆಸ್ ಮೈನಿಂಗ್ ಈ ರೂಢಿಗೇ ಕೈ ಹಾಕುತ್ತದೆ. ಕಂಪನಿಯ ಕಂಪ್ಯೂಟರ್‌ಗಳಲ್ಲಿ ಪ್ರತಿ ಕೆಲಸವೂ ತನ್ನ ಗುರುತು ಬಿಟ್ಟಿರುತ್ತದೆ: ಯಾವ ಕಡತ, ಯಾವ ಹೆಜ್ಜೆ, ಯಾರಿಂದ, ಎಷ್ಟು ಹೊತ್ತಿಗೆ. ಇವನ್ನೆಲ್ಲ ಕಾಲಕ್ರಮದಲ್ಲಿ ಜೋಡಿಸಿದರೆ ಕೆಲಸ ನಿಜಕ್ಕೂ ಸಾಗಿದ ದಾರಿಯ ನಕ್ಷೆ ಮೂಡುತ್ತದೆ. ಅದನ್ನು ನಿಯಮದ ಪಕ್ಕ ಇಟ್ಟರೆ ತಪ್ಪಿದ ಹೆಜ್ಜೆಗಳು ಎದ್ದು ಕಾಣುತ್ತವೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ವಿಲ್ ವಾನ್ ಡೆರ್ ಆಲ್ಸ್ಟ್ ಮತ್ತು ಸಂಗಡಿಗರು ಬೆಳೆಸಿದ ಈ ವಿದ್ಯೆಯನ್ನು, 2011ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಸೆಲೋನಿಸ್‌ನಂಥ ಕಂಪನಿಗಳು ಮಾರುಕಟ್ಟೆಗೆ ತಂದವು.

ಅದರ ಬಲ ಎಷ್ಟೆಂದು ತಿಳಿಯಲು, ಪ್ರೊಸೆಸ್ ಮೈನಿಂಗ್‌ನವರಿಗಾಗಿ ನಡೆದ 2019ರ ಬಿಪಿಐ ಚಾಲೆಂಜ್ ಸ್ಪರ್ಧೆಗಾಗಿ ಬಿಡುಗಡೆಯಾದ ದಾಖಲೆಯನ್ನು ನೋಡಬೇಕು. ನೆದರ್ಲೆಂಡ್ಸ್‌ನಿಂದ ವ್ಯವಹರಿಸುವ ಬಹುರಾಷ್ಟ್ರೀಯ ಬಣ್ಣ-ಲೇಪನ ಕಂಪನಿಯೊಂದರ 2,51,734 ಖರೀದಿ ಬಾಬತ್ತುಗಳು, ಸುಮಾರು 16 ಲಕ್ಷ ಘಟನೆಗಳು ಅದರಲ್ಲಿವೆ. ಕಂಪನಿ ಕೇಳಿದ ಪ್ರಶ್ನೆಗಳಲ್ಲಿ ನಿಯಮಪಾಲನೆಯದೂ ಒಂದು. ಖರೀದಿ ಆದೇಶ, ಸರಕು ಬಂದ ದಾಖಲೆ, ಬಿಲ್ಲು, ಈ ಮೂರೂ ತಾಳೆಯಾದ ಮೇಲೆ ಹಣ ಹೋಗಬೇಕು. ಆದರೆ ಎಲ್ಲ ಖರೀದಿಗೂ ಒಂದೇ ನಿಯಮವಲ್ಲ: ಕೆಲವಕ್ಕೆ ಸರಕಿಗಿಂತ ಮುಂಚೆ ಬಿಲ್ಲು ಬರಬಹುದು, ಕೆಲವಕ್ಕೆ ಸರಕಿನ ದಾಖಲೆಯೇ ಬೇಡ. ಯಾವ ಬಾಬತ್ತಿಗೆ ಯಾವ ನಿಯಮವೆಂದು ಮೊದಲು ವಿಂಗಡಿಸದೆ ನಕ್ಷೆ ಬಿಡಿಸಿದರೆ ಪ್ರಾಮಾಣಿಕ ಗುಮಾಸ್ತನೂ ಕಳ್ಳನಂತೆ ಕಾಣುತ್ತಾನೆ. ಅದೇ ದಾಖಲೆಯಲ್ಲಿ 1948ರ ದಿನಾಂಕ ಹೊತ್ತ ಘಟನೆಗಳೂ ಇವೆ! ತಂತ್ರಾಂಶ ಅವನ್ನೂ ಮರುಮಾತಿಲ್ಲದೆ ಸಾಲಿಗೆ ಸೇರಿಸುತ್ತದೆ. ಪ್ರಶ್ನಿಸಬೇಕಾದವನು ಖರೀದಿ ವಿಭಾಗವನ್ನು ಬಲ್ಲ ಮನುಷ್ಯ.

ಇಷ್ಟೆಲ್ಲ ಎಚ್ಚರ ವಹಿಸಿದರೆ ಇದು ಉತ್ತಮ ಸಾಧನ. ಬಿಲ್ಲು ಬರೆದವರೇ ಮಂಜೂರು ಮಾಡಿದ ಪ್ರಕರಣಗಳನ್ನು ಸ್ಯಾಂಪಲ್‌ನ ಅದೃಷ್ಟಕ್ಕೆ ಬಿಡದೆ, ಲಾಗಿನಲ್ಲಿ ದಾಖಲಾದ ಮಟ್ಟಿಗೆ ಒಂದೂ ತಪ್ಪದಂತೆ ಹೆಕ್ಕಿ ಕೊಡುತ್ತದೆ.

ದೊಡ್ಡ ತೊಡಕು ಬೇರೆಡೆ ಇದೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಬ್ರ್ಯಾಡಿ ಹೌಸ್ ಶಾಖೆಯ ಪ್ರಕರಣ ಅದನ್ನು ಬಿಚ್ಚಿ ತೋರಿಸುತ್ತದೆ. 2018ರ ಜನವರಿಯಲ್ಲಿ ವಜ್ರ ವ್ಯಾಪಾರಿ ನೀರವ್ ಮೋದಿಯ ಸಂಸ್ಥೆಗಳ ಕಡೆಯವರು ಹೊಸ ಎಲ್‌ಒಯು, ಅಂದರೆ ವಿದೇಶದಲ್ಲಿ ಸಾಲ ಪಡೆಯಲು ಬ್ಯಾಂಕ್ ಆಗ ಕೊಡುತ್ತಿದ್ದ ಖಾತರಿ ಪತ್ರ, ಕೇಳಿಕೊಂಡು ಬಂದರು. ಶಾಖೆಯವರು ಪೂರ್ತಿ ಮೊತ್ತದ ಠೇವಣಿ ಇಡಿ ಎಂದರು. ಹಿಂದೆ ಇದೇ ಸೌಲಭ್ಯವನ್ನು ಠೇವಣಿಯಿಲ್ಲದೆ ಪಡೆದಿದ್ದೇವೆ ಎಂಬ ಉತ್ತರ ಬಂತು. ಶಾಖೆಯ ದಾಖಲೆಯಲ್ಲಿ ಅಂಥ ವ್ಯವಹಾರದ ಸುಳಿವೇ ಇರಲಿಲ್ಲ. ಫೆಬ್ರವರಿಯಲ್ಲಿ ಬ್ಯಾಂಕ್ ಬಹಿರಂಗಪಡಿಸಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಅದು ಆಮೇಲೆ ಇನ್ನೂ ಬೆಳೆಯಿತು.

ಖಾತರಿ ಸಂದೇಶಗಳು ಬ್ಯಾಂಕುಗಳು ಪರಸ್ಪರ ಸಂದೇಶ ಕಳಿಸುವ ಸ್ವಿಫ್ಟ್ ಜಾಲದಲ್ಲಿ ಹೊರಟಿದ್ದವು. ಬ್ಯಾಂಕಿನ ಖಾತೆ-ವ್ಯವಹಾರಗಳನ್ನು ದಾಖಲಿಸುವ ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಬೆಂಗಳೂರಿನ ಇನ್ಫೋಸಿಸ್ ರೂಪಿಸಿದ ಫಿನಾಕಲ್. ಅದರಲ್ಲಿ ಆ ಸಂದೇಶಗಳು ನಮೂದಾಗಲಿಲ್ಲ, ಏಕೆಂದರೆ ಎರಡು ವ್ಯವಸ್ಥೆಗಳ ನಡುವೆ ಬ್ಯಾಂಕ್ ಕೊಂಡಿ ಹಾಕಿರಲಿಲ್ಲ. ಕೋರ್ ಬ್ಯಾಂಕಿಂಗ್ ಲಾಗನ್ನಷ್ಟೇ ಪ್ರೊಸೆಸ್ ಮೈನಿಂಗ್‌ಗೆ ಕೊಟ್ಟಿದ್ದರೆ ನಕ್ಷೆ ಚೊಕ್ಕವಾಗಿಯೇ ಬರುತ್ತಿತ್ತು, ಏಕೆಂದರೆ ಅಲ್ಲಿ ದಾರಿ ತಪ್ಪುವುದಕ್ಕೆ ಪ್ರಕರಣವೇ ಇರಲಿಲ್ಲ. ಸ್ವಿಫ್ಟ್ ಸಂದೇಶವನ್ನೂ ಸಾಲದ ಮಿತಿಯ ಮಂಜೂರಾತಿಯನ್ನೂ ಒಂದೇ ಪ್ರಕರಣದ ಹೆಜ್ಜೆಗಳೆಂದು ಹೆಣೆದಿದ್ದರೆ ಮಾತ್ರ, ಮಂಜೂರಾತಿಯೇ ಇಲ್ಲದೆ ಹೊರಟ ಪತ್ರ ಸಿಕ್ಕಿಬೀಳುತ್ತಿತ್ತು. ಆದ್ದರಿಂದ ಬಣ್ಣಬಣ್ಣದ ನಕ್ಷೆಗಿಂತ ಈ ಹೆಣಿಗೆಯ ಬೇಸರದ ಕೆಲಸವೇ ಈ ವಿದ್ಯೆಯ ನಿಜವಾದ ಕಸುಬು. ಮಾರಾಟಗಾರರ ಪ್ರದರ್ಶನಗಳಲ್ಲಿ ಅದಕ್ಕೆ ಸಿಗಬೇಕಾದ ಜಾಗ ಸಿಗುತ್ತಿಲ್ಲ.

‘ಯಾರು’ ಎಂಬ ಕಾಲಮ್ಮನ್ನೂ ನಂಬಿ ಕೂರುವಂತಿಲ್ಲ. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರ ಕೈಗೆ ಹೋದರೆ ನಮೂದಿಸುವ ಮೇಕರ್, ಪರಿಶೀಲಿಸುವ ಚೆಕರ್ ಇಬ್ಬರೂ ಲಾಗಿನಲ್ಲಿ ಬೇರೆಬೇರೆಯಾಗಿ ಉಳಿದು, ಕುರ್ಚಿಯಲ್ಲಿ ಒಬ್ಬರೇ ಕೂತಿರುತ್ತಾರೆ. ಜೊತೆಗೆ ನೌಕರರ ಪ್ರತಿ ಕ್ಲಿಕ್ಕಿನ ದಾಖಲೆ ವಂಚನೆ ಹಿಡಿಯುವ ಹೆಸರಿನಲ್ಲಿ ವೇಗ ಅಳೆಯುವ ಕೋಲಾಗುವ ಅಪಾಯವೂ ಇದೆ.

ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದ ಬಳಿಕ ಸ್ವಿಫ್ಟ್ ಮತ್ತು ಕೋರ್ ಬ್ಯಾಂಕಿಂಗ್ ವ್ಯವಸ್ಥೆಗಳನ್ನು ಬ್ಯಾಂಕುಗಳು 2018ರ ಏಪ್ರಿಲ್ 30ರೊಳಗೆ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತು. ಸ್ವಿಫ್ಟ್ ನಿಯಂತ್ರಣಗಳ ಕುರಿತ ನಿರ್ದೇಶನಗಳನ್ನು ಪಾಲಿಸಲಿಲ್ಲವೆಂದು 2019ರ ಮಾರ್ಚ್‌ನಲ್ಲಿ ಅದು ದಂಡ ವಿಧಿಸಿದ ಬ್ಯಾಂಕುಗಳು 36, ಒಟ್ಟು ಮೊತ್ತ 71 ಕೋಟಿ ರೂಪಾಯಿ.