ತನ್ನನ್ನು ತಾನೇ ತೊಳೆದುಕೊಳ್ಳುವ ಕೋವಿ

ಕೋವಿ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ಜೋಡಿಸುವುದು ಹೇಗೆಂದು ಹೇಳಿಕೊಡುವ ಪುಸ್ತಿಕೆಯೊಂದನ್ನು ಸಾಹಿತ್ಯದ ವಿದ್ಯಾರ್ಥಿ ಯಾಕೆ ಓದಬೇಕು? ನಾನು ಓದಿದ್ದು ಹೊಟ್ಟೆಪಾಡಿನ ಕಾರಣಕ್ಕೆ. ಕೆಲವು ವರ್ಷ ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದ್ದೇನೆ. ಆ ಪ್ರಕಾರದಲ್ಲಿ ಯಾರಾದರೂ ಚೆನ್ನಾಗಿ ಬರೆದಿದ್ದಾರೆಯೇ ಎಂದು ಹುಡುಕುತ್ತಿದ್ದಾಗ ಸಿಕ್ಕಿದ್ದು ಅಮೆರಿಕದ ಸೈನ್ಯ 1968ರಲ್ಲಿ ಹೊರತಂದ ಎಂ-16 ಎ-1 ರೈಫಲ್ಲಿನ ಕೈಪಿಡಿ. ಅದು ಪೂರ್ತಿ ಚಿತ್ರಕಥೆಯ ರೂಪದಲ್ಲಿದೆ. ಮಾಡಿದವನು ವಿಲ್ ಐಸ್ನರ್. 1940ರಲ್ಲಿ 'ದಿ ಸ್ಪಿರಿಟ್' ಶುರುಮಾಡಿದವನು, 1978ರಲ್ಲಿ 'ಎ ಕಾಂಟ್ರಾಕ್ಟ್ ವಿತ್ ಗಾಡ್' ಬರೆದು ಗ್ರಾಫಿಕ್ ಕಾದಂಬರಿಗೆ ದಾರಿ ಮಾಡಿದವನು. ಈ ಎರಡರ ನಡುವೆ ಸುಮಾರು ಇಪ್ಪತ್ತು ವರ್ಷ ಅವನು ಸೈನ್ಯದ ಯಂತ್ರನಿರ್ವಹಣೆಯ ಪತ್ರಿಕೆಗೆ ಚಿತ್ರ ಬರೆದ. ವಿಮರ್ಶಕರು ಆ ವರ್ಷಗಳನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಹಾರಿಸಬಾರದು ಎಂಬುದು ನನ್ನ ವಾದ.

ಈ ಪುಸ್ತಿಕೆ ಅರ್ಥವಾಗಬೇಕಾದರೆ ಅದರ ಹಿಂದೆ ಇನ್ನೊಂದು ಪಠ್ಯವಿದೆ ಎಂದು ತಿಳಿಯಬೇಕು. ಆ ಪಠ್ಯ ಒಂದೇ ಒಂದು ವಿಶೇಷಣ: 'ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ'. ಯೂಜೀನ್ ಸ್ಟೋನರ್ ರೂಪಿಸಿದ ಈ ಹಗುರ ರೈಫಲ್ 1965ರ ಹೊತ್ತಿಗೆ ವಿಯೆಟ್ನಾಂನಲ್ಲಿದ್ದ ಸೈನಿಕರ ಕೈಗೆ ದೊಡ್ಡ ಸಂಖ್ಯೆಯಲ್ಲಿ ಬಂತು. ಜೊತೆಗೆ ಬಂದ ಮಾತು, ಇದಕ್ಕೆ ಹೆಚ್ಚಿನ ಆರೈಕೆ ಬೇಡ ಎಂಬುದು. ಹೊಸ ಕೋವಿ ಬಂತು. ಅದನ್ನು ಒರೆಸುವ ಸಲಾಕೆ, ಬ್ರಷ್ಷು, ತಕ್ಕ ತರಬೇತಿ ಎಷ್ಟೋ ಜನರಿಗೆ ಬರಲಿಲ್ಲ.

ವಾಸ್ತವದಲ್ಲಿ ಆ ಕೋವಿಯ ರಚನೆಯೇ ಶುಚಿಯನ್ನು ಬೇಡುವಂಥದು. ಮದ್ದು ಉರಿದಾಗ ಹುಟ್ಟುವ ಅನಿಲದ ಒಂದು ಪಾಲು ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಹರಿದು ಒಳಗಿನ ಚಲಿಸುವ ಭಾಗವನ್ನು ತಳ್ಳುತ್ತದೆ. ಅನಿಲದ ಜೊತೆಗೆ ಮಸಿಯೂ ಬರುತ್ತದೆ. ಅದರ ಮೇಲೆ, ಪರೀಕ್ಷೆಯ ಕಾಲದಲ್ಲಿ ಬಳಸಿದ ಮದ್ದನ್ನು ಬಿಟ್ಟು ಸೈನ್ಯ ಬೇರೆ ಬಗೆಯ ಮದ್ದನ್ನು ತೋಟಾಗಳಿಗೆ ತುಂಬಿಸಿತು. ಹೊಸ ಮದ್ದಿನಿಂದ ಕೋವಿಯ ವೇಗ ಹೆಚ್ಚಿತು, ಕೊಳೆಯೂ ಹೆಚ್ಚಿತು. ತೋಟಾ ಕೂರುವ ಕೋಣೆಗೆ ಕ್ರೋಮ್ ಲೇಪನ ಇರಲಿಲ್ಲ. ಅಲ್ಲಿಯ ಮಳೆ, ಕೆಸರು, ತೇವದಲ್ಲಿ ಅದು ತುಕ್ಕು ಹಿಡಿಯಿತು. ಹಾರಿಸಿದ ತೋಟಾದ ಖಾಲಿ ಚಿಪ್ಪು ಒಳಗೇ ಕಚ್ಚಿಕೊಂಡು ಕೂತರೆ ಕೋವಿ ಬರೀ ಕೋಲು. ನಳಿಗೆಯ ಬಾಯಿಂದ ಸಲಾಕೆ ತೂರಿಸಿ ಆ ಚಿಪ್ಪನ್ನು ಹಿಂದಕ್ಕೆ ತಳ್ಳಬೇಕು. ಎದುರಿನಿಂದ ಗುಂಡು ಬರುತ್ತಿರುವಾಗ!

1967ರಲ್ಲಿ ಒಬ್ಬ ಸೈನಿಕ ಮನೆಗೆ ಬರೆದ ಪತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಸತ್ತ ಗೆಳೆಯರಲ್ಲಿ ಎಷ್ಟೋ ಮಂದಿಯ ಪಕ್ಕದಲ್ಲಿ ಬಿಚ್ಚಿಟ್ಟ ರೈಫಲ್ ಬಿದ್ದಿತ್ತು, ಅವರು ಅದನ್ನು ಸರಿಮಾಡಲು ಹೆಣಗುತ್ತಿದ್ದರು ಎಂಬುದು ಅದರ ಸಾರ. ಅದೇ ವರ್ಷ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿ, ನಡೆದದ್ದು ಅಪರಾಧದ ಅಂಚಿಗೆ ಬಂದ ನಿರ್ಲಕ್ಷ್ಯ ಎಂಬ ಅರ್ಥದ ವರದಿ ಕೊಟ್ಟಿತು. ಕೋಣೆಗೆ ಕ್ರೋಮ್ ಬಂತು, ಬಿಡಿಭಾಗಗಳು ಬದಲಾದವು, ಶುಚಿಮಾಡುವ ಸಾಮಾನು ಬಂತು. ಐಸ್ನರನ ಪುಸ್ತಿಕೆ ಬಂದದ್ದು ಇದರ ಬೆನ್ನಿಗೆ.

ಈಗ ಭಾಷೆಯ ವಿಚಾರಕ್ಕೆ ಬರೋಣ. 'ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ' ಎಂಬಲ್ಲಿ ಕರ್ತೃ ಯಾರು? ಕೋವಿ. ಮನುಷ್ಯನ ಕೈಯನ್ನು ಆ ವಾಕ್ಯ ಹೊರಗಟ್ಟಿದೆ. ಐಸ್ನರ್ ಮಾಡಿದ ಮುಖ್ಯ ಕೆಲಸ, ನನ್ನ ಓದಿನಲ್ಲಿ, ಆ ಕೈಯನ್ನು ಮರಳಿ ತಂದದ್ದು. ಅವನ ಪುಟಗಳಲ್ಲಿ ಕ್ರಿಯಾಪದಗಳೇ ಕ್ರಿಯಾಪದಗಳು: ಒತ್ತು, ಎಳೆ, ತೆಗೆ, ಒರೆಸು, ತಿರುಗಿಸು. ಒಂದೊಂದು ಕ್ರಿಯೆಗೂ ಚಿತ್ರ. ಚೌಕಟ್ಟಿನಿಂದ ಚೌಕಟ್ಟಿಗೆ ಕಣ್ಣು ಸರಿಯುವ ಕ್ರಮವೇ ಕೋವಿ ಬಿಚ್ಚುವ ಕ್ರಮ. ಚಿತ್ರಕಥೆಯ ವ್ಯಾಕರಣ ಇಷ್ಟು ಸಹಜವಾಗಿ ವಿಷಯಕ್ಕೆ ಹೊಂದಿದ್ದನ್ನು ನಾನು ಬೇರೆಡೆ ಹೆಚ್ಚು ಕಂಡಿಲ್ಲ. ಓದುಗ ಯಾರೆಂಬುದನ್ನೂ ಅವನು ಮರೆಯುವುದಿಲ್ಲ. ಇಪ್ಪತ್ತರ ಆಸುಪಾಸಿನ, ದಣಿದ, ಓದುವ ವ್ಯವಧಾನವಿಲ್ಲದ ಹುಡುಗ. ಅವನಿಗೆ ಪಾಠ ಮಾಡಿದರೆ ಕೇಳುವುದಿಲ್ಲ, ತಮಾಷೆ ಮಾಡಿದರೆ ಕೇಳುತ್ತಾನೆ.

ಆದರೆ ಆ ತಮಾಷೆ ಎಂಥದು? ಇಲ್ಲಿ ನನ್ನ ತಕರಾರು ಶುರುವಾಗುತ್ತದೆ. ಪುಸ್ತಿಕೆಯುದ್ದಕ್ಕೂ ಕೋವಿ ಹೆಣ್ಣು. ಅವಳನ್ನು ಮರ್ಯಾದೆಯಿಂದ ನೋಡಿಕೋ ಎಂಬುದು ಮೂಲ ರೂಪಕ. ಬಿಚ್ಚುವ, ಹೊದಿಸುವ ಕೆಲಸಗಳಿಗೆಲ್ಲ ದ್ವಂದ್ವಾರ್ಥದ ಶೀರ್ಷಿಕೆಗಳು. ಪಾಠ ಹೇಳುವವಳೂ ಮೈಗಂಟಿದ ಉಡುಪಿನ ಚೆಲುವೆ. ಇಂದಿನ ಓದುಗರು ಇದನ್ನು ಅಸಹ್ಯವೆಂದು ಬದಿಗಿಡಬಹುದು, ಅದು ನ್ಯಾಯವೇ. ನನಗೆ ಅದಕ್ಕಿಂತ ಆಳದ ಪ್ರಶ್ನೆಯೊಂದಿದೆ. ಪ್ರೀತಿಯ ರೂಪಕ ಹೊಣೆಯನ್ನು ಎಲ್ಲಿಗೆ ಸಾಗಿಸುತ್ತದೆ? ಅವಳು ಮುನಿಸಿಕೊಂಡರೆ ತಪ್ಪು ನಿನ್ನದು, ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ. ಮದ್ದು ಬದಲಿಸಿದವರು, ಕ್ರೋಮ್ ಲೇಪನದ ಖರ್ಚು ಉಳಿಸಿದವರು, ಆರೈಕೆ ಬೇಡ ಎಂದವರು ಈ ಸಂಸಾರದ ಚಿತ್ರದೊಳಗೆ ಇಲ್ಲವೇ ಇಲ್ಲ. ಮೊದಲಿನ ವಿಶೇಷಣ ಸೈನಿಕನ ಕೈಯನ್ನು ಅಳಿಸಿತ್ತು. ಐಸ್ನರನ ರೂಪಕ ಆ ಕೈಯನ್ನು ತಂದು, ಉಳಿದವರ ಕೈಗಳನ್ನೆಲ್ಲ ಅಳಿಸಿತು.

ಹಾಗೆಂದು ಪುಸ್ತಿಕೆಯನ್ನು ಸುಳ್ಳು ಎನ್ನಲಾರೆ. ಅದರಲ್ಲಿರುವ ಒಂದೊಂದು ಸೂಚನೆಯೂ ನಿಜ, ಉಪಯುಕ್ತ. ಕೋಣೆಯನ್ನು ಬ್ರಷ್ಷಿನಿಂದ ಉಜ್ಜು, ಎಣ್ಣೆ ಹದವಾಗಿರಲಿ ಎಂಬುದನ್ನು ಕಲಿತ ಹುಡುಗ ಬದುಕಿ ಮನೆಗೆ ಹೋಗಿರಬಹುದು. ಒಂದು ಕೃತಿ ವಾಕ್ಯ ವಾಕ್ಯದಲ್ಲಿ ಸತ್ಯವಾಗಿದ್ದೂ ಒಟ್ಟಿನಲ್ಲಿ ಒಂದು ಸತ್ಯವನ್ನು ಮುಚ್ಚಿಡಬಲ್ಲದು. ಕಾದಂಬರಿಗಳ ಬಗ್ಗೆ ನಾವು ಸಲೀಸಾಗಿ ಆಡುವ ಈ ಮಾತನ್ನು ಕೈಪಿಡಿಗಳ ಬಗ್ಗೆಯೂ ಆಡುವುದು ಕಲಿಯಬೇಕು.

ನನಗೆ ಇದು ದೂರದ ಸಂಗತಿಯಲ್ಲ. ಒಮ್ಮೆ ಹುಲ್ಲು ಕತ್ತರಿಸುವ ಯಂತ್ರದ ಕೈಪಿಡಿ ಅನುವಾದಿಸುವಾಗ ಮೂಲದಲ್ಲಿದ್ದ 'ಮೇಂಟೆನೆನ್ಸ್ ಫ್ರೀ' ಎಂಬುದನ್ನು 'ಯಾವುದೇ ನಿರ್ವಹಣೆ ಬೇಡ' ಎಂದು ಬರೆದೆ. ಕನ್ನಡ ಸರಳವಾಗಿ ಬಂತೆಂದು ಖುಷಿಯೂ ಆಗಿತ್ತು. ಆ ಯಂತ್ರವನ್ನೇ ಕೊಂಡಿದ್ದ ಭಾವ ಮಳೆಗಾಲದ ನಡುವೆ ಫೋನು ಮಾಡಿದರು. ತೋಟದಲ್ಲಿ ಹುಲ್ಲು ಸೊಂಟಕ್ಕೆ ಬಂದಿದೆ, ಬ್ಲೇಡು ತಿರುಗುತ್ತಿಲ್ಲ, ಬಿಚ್ಚಿ ನೋಡಿದರೆ ಗೇರಿನೊಳಗೆ ಗ್ರೀಸೇ ಇಲ್ಲ. "ಏನೂ ಬೇಡ ಅಂತ ನೀನೇ ಬರ್ದಿದ್ದೀಯಲ್ಲೋ ಮಾರಾಯ," ಎಂದರು. ನಾನು ಮೂಲದಲ್ಲೇ ಹಾಗಿತ್ತು ಎಂದೆ. "ಮೂಲ ನಾನು ಓದಿಲ್ಲ, ಓದಿದ್ದು ನಿನ್ನ ಕನ್ನಡ," ಎಂದರು.

ಅಲ್ಲಿ ಹೋದದ್ದು ಒಂದು ಗೇರು ಪೆಟ್ಟಿಗೆ. ವಿಯೆಟ್ನಾಂನ ಗುಡ್ಡಗಳಲ್ಲಿ ಹೋದದ್ದಕ್ಕೆ ಅದನ್ನು ಹೋಲಿಸುವ ಧೈರ್ಯ ನನಗಿಲ್ಲ. ವಾಕ್ಯದ ರಚನೆ ಮಾತ್ರ ಅದೇ. ಕರ್ತೃವಿಲ್ಲದ, ಕೈಯಿಲ್ಲದ, ಕೊಳ್ಳುವವನನ್ನು ನಿಶ್ಚಿಂತನನ್ನಾಗಿಸುವ ವಾಕ್ಯ. ನಮ್ಮಲ್ಲಿ ಆಯುಧಪೂಜೆಯ ದಿನ ಯಂತ್ರದ ಮೈ ತೊಳೆದು ಕುಂಕುಮ ಹಚ್ಚುತ್ತೇವೆ. ಕೊಡಗಿನಲ್ಲಿ ಕೈಲ್ ಪೊಳ್ದಿಗೆ ಕೋವಿಗಳನ್ನು ಒರೆಸಿ ದೇವರ ಕೋಣೆಯಲ್ಲಿಟ್ಟು ಹೂವು ಏರಿಸುತ್ತಾರೆ. ಈ ಆಚರಣೆಗಳ ಒಳಗೆ ಉಪಕರಣಕ್ಕೆ ಮನುಷ್ಯನ ಕೈ ಬೇಕೆಂಬ ತಿಳುವಳಿಕೆ ಇದೆ. 'ಬೇಡ' ಎನ್ನುವ ಮಾರಾಟದ ಭಾಷೆಗೆ ಆ ತಿಳುವಳಿಕೆ ಅಡ್ಡಿ.

ಆಮೇಲಿನ ಅನುವಾದಗಳಲ್ಲಿ 'ಬೇಡ' ಎಂಬ ಪದ ಬಂದಲ್ಲೆಲ್ಲ ನಿಂತು, ಯಾರಿಗೆ ಬೇಡ, ಎಷ್ಟು ದಿನ ಬೇಡ, ಹಾಗೆಂದವರು ಯಾರು ಎಂದು ಕಂಪನಿಗೆ ಬರೆದು ಕೇಳತೊಡಗಿದೆ. ಉತ್ತರ ಬಂದದ್ದು ಕಡಿಮೆ. ಕೆಲಸವೂ ಕಡಿಮೆಯಾಯಿತು. ಭಾವ ಮಾತ್ರ ಈಗ ಹೊಸ ಸಾಮಾನು ಕೊಂಡಾಗೆಲ್ಲ ಅದರ ಕೈಪಿಡಿಯನ್ನು ಮೊದಲು ನನಗೆ ಕಳಿಸುತ್ತಾರೆ, ಕ್ರಿಯಾಪದಗಳಿವೆಯಾ ನೋಡು ಎಂದು.