ನಿಲ್ಲಿಸಿ ನಿಲ್ಲಿಸಿ ನೋಡಬೇಕಾದ ‘ತಿಥಿ’

ಮನೆಯಲ್ಲಿ ಸಿನಿಮಾ ನೋಡುವುದರ ದೊಡ್ಡ ಸುಖವೆಂದರೆ, ಹಿಡಿಸಿದ ಮಾತನ್ನು ಹಿಂದಕ್ಕೆ ಹೋಗಿ ಮತ್ತೆ ಕೇಳಬಹುದು. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ನನಗೆ ಇಷ್ಟೊಂದು ಹತ್ತಿರವಾದದ್ದು ಹಾಗೆಯೇ. ಮಂಡ್ಯ ಸೀಮೆಯ ಹಳ್ಳಿಗರೇ ಇದರ ನಟರು. ಅವರ ಬೈಗುಳಕ್ಕೂ ಒಂದು ಲಯವಿದೆ. ಈರೇಗೌಡರ ಬರವಣಿಗೆ ಅದನ್ನು ಎಲ್ಲೂ ತಿದ್ದಿ ನಯಗೊಳಿಸಿಲ್ಲ.

ಬೀದಿ ಬದಿ ಕೂತು ಹೋಗಿ ಬರುವವರನ್ನೆಲ್ಲ ಛೇಡಿಸುವ 101 ವರ್ಷದ ಸೆಂಚುರಿ ಗೌಡ, ಸ್ವಲ್ಪ ಹೊತ್ತಿಗೇ ಕುಸಿದು ಬಿದ್ದು ತೀರಿಕೊಳ್ಳುತ್ತಾನೆ. ಆಮೇಲಿನದು ತಿಥಿಯವರೆಗಿನ ದಿನಗಳ ಕಥೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅವನಪ್ಪ ಗಡ್ಡಪ್ಪನಿಗೆ ಬ್ರಾಂದಿ ಕುಡಿಯುತ್ತ ಹೊಲಗಳಲ್ಲಿ ಅಲೆಯುವುದಷ್ಟೇ ಸಾಕು. ಈ ಗಡ್ಡಪ್ಪನೇ ನನ್ನ ಮಟ್ಟಿಗೆ ಚಿತ್ರದ ಜೀವ. ರಾತ್ರಿ ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕೂತು ಅವನು ತನ್ನ ಹಳೆಯ ಬದುಕನ್ನು ಹೇಳುವ ದೃಶ್ಯವಿದೆಯಲ್ಲ, ಅಲ್ಲಿ ದನಿ ಏರುವುದಿಲ್ಲ, ಅಳು ಬರಿಸುವ ಸಂಗೀತವೂ ಇಲ್ಲ. ಅಷ್ಟು ಹೊತ್ತು ಉಡಾಫೆಯವನೆಂದು ಕಂಡ ಮುದುಕನ ಒಳಗೆ ಎಂಥ ಗಾಯವಿತ್ತು ಎಂದು ಆಗ ಗೊತ್ತಾಗುತ್ತದೆ. ನುರಿತ ನಟರಿಗೂ ಸುಲಭಕ್ಕೆ ಒದಗದ ಸಂಯಮ ಅದು.

ಮೊಮ್ಮಗನ ಮಗ ಅಭಿಯ ಪ್ರೇಮಪ್ರಸಂಗ ನನ್ನನ್ನು ಅಷ್ಟಾಗಿ ಹಿಡಿಯಲಿಲ್ಲ. ಆದರೂ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಇದಕ್ಕೆ ಸಿಕ್ಕ ಗೌರವ ಪೂರ್ತಿ ನ್ಯಾಯವಾದದ್ದೇ. ನೋಡಿರದಿದ್ದರೆ, ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ನೋಡಿ.