ತಂಪಿನ ಯಂತ್ರವೂ ಸರ್ಕ್ಯೂಟಿನ ಭಾಗವೇ

ಅತಿವಾಹಕ ಎಲೆಕ್ಟ್ರಾನಿಕ್ಸಿಗೆ ಕ್ರಯೋಕೂಲರ್ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಕ್ಯಾಟಲಾಗಿನ ಒಂದೇ ಅಂಕಿಯ ಮೇಲೆ: 4.2 ಕೆಲ್ವಿನ್‌ನಲ್ಲಿ ಯಂತ್ರ ಎಷ್ಟು ವ್ಯಾಟ್ ಶಾಖ ಹೊರಹಾಕುತ್ತದೆ? ಪ್ರಶ್ನೆ ಸರಿಯೇ, ಆದರೆ ಅಷ್ಟಕ್ಕೇ ನಿಲ್ಲುವ ರೂಢಿ ಸರಿಯಲ್ಲ.

ಆ ತಾಪದಲ್ಲಿ ಪ್ರತಿ ವ್ಯಾಟೂ ದುಬಾರಿ, ನಿಜ. ಕೋಣೆಯ ತಾಪದಿಂದ ಅಲ್ಲಿಗಿಳಿಯಲು ಆದರ್ಶ ಯಂತ್ರಕ್ಕೂ ವ್ಯಾಟೊಂದಕ್ಕೆ ಸುಮಾರು 70 ವ್ಯಾಟ್ ಬೇಕು; ನಾವು ಕೊಳ್ಳುವ ಸಣ್ಣ ಯಂತ್ರಗಳು ಹಲವು ಸಾವಿರ ವ್ಯಾಟ್ ನುಂಗುತ್ತವೆ. 77 ಕೆಲ್ವಿನ್‌ನಲ್ಲಿ ಆದರ್ಶ ಲೆಕ್ಕ ಬರೀ 3 ವ್ಯಾಟಿನ ಆಸುಪಾಸು. ಆ ತಾಪದಲ್ಲೇ ಕೆಲಸ ಮಾಡುವ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಫಿಲ್ಟರಿಗೆ ಪುಟ್ಟ ಸ್ಟರ್ಲಿಂಗ್ ಯಂತ್ರ ಸಾಕು. ನಿಯೋಬಿಯಂ ಚಿಪ್ಪಿಗೆ ಈ ಅನುಕೂಲವಿಲ್ಲ, ಅದು 9.2 ಕೆಲ್ವಿನ್‌ನ ಕೆಳಗಷ್ಟೇ ಅತಿವಾಹಕ.

ಆದರೆ ಶಾಖ ಬರುವುದು ಚಿಪ್ಪಿನಿಂದ ಮಾತ್ರವೇ? ಚಿಪ್ಪಿನದು ಮಿಲಿವ್ಯಾಟ್‌ಗಳ ಲೆಕ್ಕ. ಕೋಣೆಯಿಂದ ನೇರ ಇಳಿಯುವ ಲೋಹದ ತಂತಿ, ಎಷ್ಟೇ ಜಾಣತನದಿಂದ ಅಳತೆ ಮಾಡಿದರೂ, ಆಂಪಿಯರಿಗೆ ಸುಮಾರು 47 ಮಿಲಿವ್ಯಾಟ್ ಹೊತ್ತು ತರುತ್ತದೆ. 10 ಆಂಪಿಯರ್ ಹೋಗಿ ಬರುವ ಒಂದು ಜೊತೆ ತಂತಿ ಸಾಕು, 1 ವ್ಯಾಟಿನ ಯಂತ್ರದ ಶಕ್ತಿಯೆಲ್ಲ ಅಲ್ಲಿಗೇ ಮುಗಿಯುತ್ತದೆ. ಯಂತ್ರದ ಮೊದಲ ಹಂತದಲ್ಲಿ, 50 ಕೆಲ್ವಿನ್ ಹತ್ತಿರ, ಈ ಶಾಖವನ್ನು ತಡೆದು ಮುಂದಕ್ಕೆ ಅಧಿಕತಾಪದ ಅತಿವಾಹಕ ತಂತಿ ಜೋಡಿಸುವುದೇ ದಾರಿ. ಹಾಗಾಗಿ ಮೊದಲ ಹಂತದ ಸಾಮರ್ಥ್ಯಕ್ಕೂ 4.2 ಕೆಲ್ವಿನ್‌ನ ಎರಡನೆಯ ಹಂತದಷ್ಟೇ ತೂಕ ಕೊಡಬೇಕು.

ಇನ್ನು ಅಲುಗಾಟ. ಗಿಫರ್ಡ್-ಮ್ಯಾಕ್‌ಮಹೋನ್ ಯಂತ್ರದ ತಣ್ಣನೆಯ ತುದಿಯೊಳಗೇ ಒಂದು ಭಾಗ ಚಲಿಸುತ್ತದೆ. ಪಲ್ಸ್ ಟ್ಯೂಬಿನ ತಣ್ಣನೆಯ ತುದಿಯಲ್ಲಿ ಚಲಿಸುವ ಭಾಗವಿಲ್ಲ. ಅದರ ಮೆಚ್ಚುಗೆಗೆ ಇದೇ ಕಾರಣ, ಮೆಚ್ಚುಗೆ ನ್ಯಾಯವಾದದ್ದೇ. ಆದರೂ ಅನಿಲದ ಒತ್ತಡ ಸೆಕೆಂಡಿಗೆ ಒಂದೆರಡು ಬಾರಿ ಏರಿಳಿದಾಗ ತುದಿ ಮೈಕ್ರೊಮೀಟರುಗಳಷ್ಟು ಹಿಗ್ಗಿ ಕುಗ್ಗುತ್ತದೆ, ತಾಪವೂ ತುಯ್ಯುತ್ತದೆ. ಯಂತ್ರವನ್ನು ಓರೆ ಮಾಡಿದರೆ ಸಾಮರ್ಥ್ಯವೂ ಕುಸಿಯುತ್ತದೆ. ಜೋಸೆಫ್ಸನ್ ವೋಲ್ಟೇಜ್ ಮಾನಕ ಇಂಥ ತುಯ್ತವನ್ನು ತಕ್ಕ ಜಾಗ್ರತೆ ವಹಿಸಿದರೆ ತಾಳಿಕೊಳ್ಳುತ್ತದೆ. ಮಿದುಳಿನ ಕಾಂತಕ್ಷೇತ್ರ ಅಳೆಯುವ ಸ್ಕ್ವಿಡ್ ತಾಳದು. ದ್ರವ ಹೀಲಿಯಂ ಪಾತ್ರೆ ಆ ಅಳತೆಯ ಕೆಲಸದಲ್ಲಿ ಇಷ್ಟು ಕಾಲ ಉಳಿದದ್ದು ಹಟದಿಂದಲ್ಲ, ಅದರ ನಿಶ್ಚಲತೆಯಿಂದ. ಅದಕ್ಕೂ ಬೆಲೆಯಿದೆ: 1 ವ್ಯಾಟ್ ಶಾಖಕ್ಕೆ ಗಂಟೆಗೆ ಸುಮಾರು 1.4 ಲೀಟರ್ ಆವಿಯಾಗುತ್ತದೆ.

ಆದ್ದರಿಂದ ತಂತಿಗಳ ಶಾಖ, ಅಳತೆ ತಾಳಬಲ್ಲ ಅಲುಗಾಟ, ಕಂಪ್ರೆಸರಿನ ಸರ್ವಿಸಿಗೆ ಕೈಗೆಟುಕುವ ಜನ: ಈ ಮೂರನ್ನೂ ಬರೆದಿಟ್ಟುಕೊಂಡ ಮೇಲೆ ಕ್ಯಾಟಲಾಗ್ ತೆರೆಯಬೇಕು. ಚಿಪ್ಪಿನ ವಿನ್ಯಾಸ ಮುಗಿದ ಮೇಲೆ ಯಂತ್ರ ಹುಡುಕುವವರು, ಚಿಪ್ಪಿನ ಅರ್ಧ ವಿನ್ಯಾಸವನ್ನು ಯಂತ್ರದ ಮಾರಾಟಗಾರರಿಗೆ ಬಿಟ್ಟುಕೊಟ್ಟಂತೆ.